ಆರನೇ ಪಾವಟಗಿ

ನಮ್ಮೂರಾಗ ಎಲ್ಲೆ ಬೋರು ಕೊರದ್ರೂ ಸವಳ ನೀರ.
ಬ್ಯಾಳಿ ಬೇಯೂದಿಲ್ಲ, ಸಬಕಾರ ನೊರಿ ಬಿಡೂದಿಲ್ಲ.
ಎರಿಭೂಮಿ ತನ್ನ ಉಪ್ಪು ತಾನ ಕಟಗೊಂಡು ಕುಂತೈತಿ.
ಅದಕ್ಕ ಈ ಕೆರಿ.
ಮಳಿ ಬಂದಾಗ ತುಂಬೂದು,
ಮುಂದಿನ ಮಳಿ ತನಕಾ ಊರು ಕುಡಿಯೂದು.
ರೋಣದ ಈ ಕಡೆ ಇಷ್ಟ ನಮ್ಮ ಬದುಕಿನ ಲೆಕ್ಕ.

ನನ್ನ ಕೈಯಾಗ ಒಂದು ಬಡಿಗಿ, ಒಂದು ವಹಿ.
ನಮ್ಮಪ್ಪನ ಕೈಯಾಗ ಬಡಿಗಿ ಅಷ್ಟ ಇತ್ತು,
ಅಕ್ಷರ ಇರಲಿಲ್ಲ, ಕಾಯಿದೆ ಪಾವಟಗಿ ಮ್ಯಾಲ ಇತ್ತು:
ಮೂರನೇದು ಒಣಗಿದ್ರ ಬಂಡಿ-ಪೀಪಾಯಿ ಬಂದ್,
ನಾಕನೇದು ಒಣಗಿದ್ರ ಮನಿಗೆ ಎರಡ ಕೊಡ,
ಆರನೇದು ಕಂಡ್ರ ಒಂದ.
ಏಳನೇದಕ್ಕ ಏನಂತ ಯಾರೂ ಹೇಳಿಲ್ಲ.
ಕೇಳಿದ್ರ ಅಪ್ಪ ಬೀಡಿ ಹಚ್ಚತಿದ್ದ.

ಬಡಿಗಿ ಊರಿ ಊರಿ ನನಗೊಂದು ತಿಳದೈತಿ:
ಊರಿಗಿಂತಾ ಬಿಸಲಿಗೇ ನೀರಡಿಕಿ ಹೆಚ್ಚು.
ಮುನ್ನೂರು ಮನಿ ಹದಿನಾಕು ದಿನ ಹೊತ್ತು ಒಯ್ದದ್ದನ್ನ
ಚೈತ್ರದ ಬಿಸಲು ಒಂದ ದಿನಕ್ಕ,
ಕೊಡ ಇಲ್ಲದ, ಸಿಂಬಿ ಇಲ್ಲದ, ಪಾಳಿ ಹಚ್ಚದ
ಎಲ್ಲಾರ ಎದುರಿಗೇ ಎತ್ತಿಕೊಂಡು ಹೋಗತೈತಿ.
ಅದರ ಹೆಸರಿಗೂ ವಹಿಯಾಗ ಒಂದು ಸಾಲು ಬಿಟ್ಟೇನಿ.

ಈ ಸಲ ಆರನೇ ಪಾವಟಗಿಗೆ ಇನ್ನ ನಾಕ ಬಟ್ಟ ನೀರಿದ್ದಾಗ
ಹೆದ್ದಾರಿ ಮಾಡಾವರ ಮನಷ್ಯಾ ಬಂದ.
ಕಾಂಕ್ರೀಟಿಗೆ ನಲವತ್ತ ಟ್ಯಾಂಕರ್ ಬೇಕಂತ.
ರೊಕ್ಕಾ ಪಂಚಾಯ್ತಿಗೆ; ಸಾಲಿ ಮಾಳಿಗಿ ರಿಪೇರಿ ಆಗತೈತಿ.
ಸಭಾದಾಗ ಫೋನ್ ತಗದು ಗುಣಾಕಾರ ಮಾಡಿ ತೋರಸಿದ:
"ಕೆರಿ ಇಳಿಯೂದು ಎರಡ ಬಟ್ಟ.
ನಾಕ ದಿನದ ಬಿಸಲು ಕುಡಿಯೂದ ಅಷ್ಟ.
ಬಿಸಲಿಗೆ ಪುಕಟ ಕೊಡತೀರಿ,
ರೊಕ್ಕಾ ಕೊಡಾವರಿಗೆ ಯಾಕ ಒಲ್ಲೆ ಅಂತೀರಿ?"

ಲೆಕ್ಕ ಖರೇನ ಇತ್ತು. ಅದು ನನ್ನ ವಹೀದ ಲೆಕ್ಕ.
ಹಿಂದಿನ ದಿನ ಚಾದಂಗಡ್ಯಾಗ
ಅವನ ಚಾ ಕುಡದು ನಾನ ಹೇಳಿದ್ದೆ.
"ದಾವಲಸಾಬ, ಏನಂತಿ?" ಅಂದ್ರು.
ನಾ ಬಡಿಗಿ ನೋಡಿದೆ. ನಾಲಿಗಿ ಏಳಲಿಲ್ಲ.

ಮಾಸ್ತರು ಅಂದ್ರು, ಮಳಿಗಾಲದಾಗ ಮೂರನೇತ್ತೆ ಹುಡುಗರು
ಕೊಡಿ ಹಿಡಕೊಂಡು ಮಗ್ಗಿ ಹೇಳತಾವ. ಅದೂ ಖರೇನ.
ಬಿಸಿಯೂಟದ ಕಳಕವ್ವ ಹಿಂದಿನ ಸಾಲಿನ್ಯಾಗ ಎದ್ದಳು,
ಸೆರಗಿಗೆ ಕೈ ಒರಸಿಕೋತ:
"ಸೋರಲಿ ತಗೋರಿ ಮಾಸ್ತರ,
ಸೋರೂದು ನೋಡಿ ಎಷ್ಟ ದಿನ ಆತು!
ಮೊದಲ ಅಂಥಾ ಮಳಿ ಬರಲಿ, ಬೋಗುಣಿ ನಾ ಇಡತೇನಿ."
ನಕ್ಕರು. ನಕ್ಕ ಮ್ಯಾಲ ಸುಮ್ಮನಾದ್ರು.
ಕಡೀಕ ಹದಿನೈದು ಟ್ಯಾಂಕರ್ ಅಂತ ಠರಾವು ಆತು.
ಹೌದಂತನೂ ಅಲ್ಲ, ಅಲ್ಲಂತನೂ ಅಲ್ಲ.

ಉತ್ತರ ಹೊಳದದ್ದು ರಾತ್ರಿ, ಹೊರಸಿನ ಮ್ಯಾಲ ಬಿದ್ದಾಗ.
ಬಿಸಲು ಕುಡದದ್ದು ಎಲ್ಲೆರೆ ಮೋಡಾಗಿ ಅಲೀತಿರತೈತಿ,
ನಮ್ಮ ಹೊಲಕ್ಕ ಅಲ್ಲದಿದ್ರ ಇನ್ನೊಬ್ಬರ ಹೊಲಕ್ಕ.
ರಸ್ತೆ ಕುಡದದ್ದು ರಸ್ತೇನ ಆಗತೈತಿ.
ಮತ್ತ, ಎರಡ ಬಟ್ಟ ಬಿಸಲಿಗೆ ನಾಕ ದಿನ ಇರಬಹುದು,
ನಮಗ ಐವತ್ತರ ಮ್ಯಾಲ.
ಇಷ್ಟ.
ಇಷ್ಟು ಹೊಳ್ಯಾಕ ಒಂಬತ್ತ ತಾಸು ತಡಾ ಆತು,
ಅಷ್ಟರಾಗ ಮೊದಲನೇ ಟ್ಯಾಂಕರ್ ಪೈಪ್ ಇಳಿಬಿಟ್ಟಿತ್ತು.

ವಹಿಯಾಗ ಎಲ್ಲಾ ಬರದೇನಿ.
ಟ್ಯಾಂಕರ್ ಹದಿನೈದು: ಊರಿನ ಇಪ್ಪತ್ತ ದಿನ.
ಗುರುಬಸಯ್ಯನ ಮನಿ ಮದವಿಗೆ ಆರ ಕೊಡ ಮಾಫಿ.
ಮೊನ್ನೆ ಮಗಳು ಹಡದಾಗ, ಬಾಣಂತಿಗೆ ಎರ್ಯಾಕ,
ದಾವಲಸಾಬನ ಮನಿಗೆ ಎರಡ ಕೊಡ ಹೆಚ್ಚು.
ಅದನ್ನೂ ಬರದೇನಿ, ಪೆನ್ನು ಒತ್ತಿ.
ಯಾರೂ ವಹಿ ತಗದು ನೋಡೂದಿಲ್ಲ.
ಬರಿಯೂ ಮುಂದ ಹಿಂದ ತಿರುಗಿ ನೋಡಿದ್ದೆ, ಆ ಮಾತು ಬ್ಯಾರೆ.

ಇವತ್ತ ಮುಂಜಾನಿ ಆರನೇ ಪಾವಟಗಿ ಅಂಚು ಕಂಡೈತಿ,
ಮ್ಯಾಲಿನ ಪಾಚಿ ಇನ್ನೂ ಹಸಿ.
ಹೆಣಮಕ್ಕಳು ಎರಡೆರಡು ಕೊಡ ತಂದಿದ್ರು.
ನನ್ನ ಮಾರಿ ನೋಡಿದ್ರು, ಕಲ್ಲು ನೋಡಿದ್ರು,
ಒಂದು ತುಂಬಿಕೊಂಡು
ಇನ್ನೊಂದನ್ನ ಮಾತಿಲ್ಲದ ಬೋರಲ ಹಾಕಿ ಹೊತ್ತು ಹ್ವಾದ್ರು.

ಏಳನೇದು ನೀರಾಗ ಐತಿ.
ಅದರ ಮ್ಯಾಲ ಏನೋ ಕೆತ್ಯಾರಂತ ಅಪ್ಪ ಒಮ್ಮೆ ಅಂದಿದ್ದ.
ನಾ ಇನ್ನೂ ಓದಿಲ್ಲ.